ಜಗಲಿಯ ತಿಂಡಿ

ಬಯಲುಸೀಮೆಯಿಂದ ಮೊದಲ ಸಲ ನಮ್ಮ ಕಡೆಗೆ ಬಂದವರು ಬಸ್ಸಿಳಿದು ಸುತ್ತ ನೋಡಿ ಕೇಳುವುದು ಒಂದೇ ಮಾತು: "ಊರೆಲ್ಲಿ?" ಪುತ್ತೂರು, ಸುಳ್ಯ, ಕಡಬ ಈ ಮೂರೂ ತಾಲೂಕುಗಳ ಹಳ್ಳಿಗಳಲ್ಲಿ ಮನೆಗೆ ಮನೆ ತಾಗಿಕೊಂಡಿರುವ ಬೀದಿ ಇಲ್ಲ. ಗುಡ್ಡದ ಬುಡದಲ್ಲಿ ಒಂದು ಅಡಿಕೆ ತೋಟ, ತೋಟದ ತಲೆಯಲ್ಲಿ ಒಂದು ಮನೆ, ಮನೆಯ ಎದುರು ಅಡಿಕೆ ಒಣಗಿಸುವ ಅಂಗಳ. ನೆರೆಮನೆ ಎಂದರೆ ಗುಡ್ಡ ಹತ್ತಿ ಇಳಿದು, ಅಡಿಕೆ ಮರದ ಸಂಕ ದಾಟಿ ಹೋಗಬೇಕಾದ ಜಾಗ. ಅಂಗಡಿ ಅದಕ್ಕಿಂತಲೂ ದೂರ. ಬಂದ ನೆಂಟರನ್ನು ಕೂರಿಸಿ ಪೇಟೆಯಿಂದ ಏನಾದರೂ ತರಿಸೋಣ ಎಂದರೆ, ಹೋದವನು ಬರುವಷ್ಟರಲ್ಲಿ ನೆಂಟರು ಹೊರಟಾಗಿರುತ್ತದೆ. ಮಳೆಗಾಲದಲ್ಲಿ ತೋಡಿಗೆ ಬೊಳ್ಳ ಬಂದು ಸಂಕ ಮುಳುಗಿತೋ, ಹೊರಟವರೂ ಹಿಂದೆ ಬರುತ್ತಾರೆ. ನಮ್ಮ ಕಡೆಯ ತಿಂಡಿಗಳನ್ನು ರೂಪಿಸಿದ್ದು ಈ ಲೆಕ್ಕಾಚಾರ. ಯಾರು ಬರುತ್ತಾರೆ ಗೊತ್ತಿಲ್ಲ, ಎಷ್ಟು ಹೊತ್ತಿಗೆ ಬರುತ್ತಾರೆ ಗೊತ್ತಿಲ್ಲ, ಎಷ್ಟು ಹೊತ್ತು ಕೂರುತ್ತಾರೆ ಎನ್ನುವುದಂತೂ ಯಾರ ಕೈಯಲ್ಲೂ ಇಲ್ಲ. ಅಟ್ಟದ ಮೇಲಿನ ಡಬ್ಬಿಯಲ್ಲಿ ಏನಾದರೂ ಇರಲೇಬೇಕು.

ನಾನು ಹುಟ್ಟಿ ಬೆಳೆದದ್ದು ಸುಳ್ಯ ತಾಲೂಕಿನ ಬೆಳ್ಳಾರೆ, ಪಂಜದ ನಡುವಿನ ಒಂದು ಹವ್ಯಕ ಮನೆಯಲ್ಲಿ. ಅತ್ತೆಯನ್ನು ಕೊಟ್ಟದ್ದು ಪುತ್ತೂರಿನ ಕಡೆಗೆ. ಚಿಕ್ಕಮ್ಮನ ಮನೆ ಕಡಬದ ಹತ್ತಿರ. ಕಡಬ ತಾಲೂಕಾದದ್ದು ಈಚೆಗೆ, ಪುತ್ತೂರು ಸುಳ್ಯ ಎರಡರಿಂದಲೂ ಒಂದಷ್ಟು ಊರುಗಳನ್ನು ಎತ್ತಿಕೊಂಡು. ನನ್ನ ಬಾಲ್ಯದಲ್ಲಿ ಅದು ಪುತ್ತೂರು ತಾಲೂಕಿನ ಒಂದು ಸಣ್ಣ ಪೇಟೆ. ರಜೆಯಲ್ಲಿ ಈ ಮೂರು ಮನೆಗಳ ನಡುವೆ ಓಡಾಡುವುದೇ ನಮ್ಮ ಪ್ರವಾಸ, ಮೂರು ಮನೆಗಳ ಡಬ್ಬಿಗಳನ್ನು ಹೋಲಿಸುವುದೇ ನಮ್ಮ ವಿದ್ಯೆ.

ಜಗಲಿಗೆ ಯಾರೇ ಹತ್ತಲಿ, ಅಜ್ಜಿ ಒಳಗಿನಿಂದಲೇ ಕೂಗುತ್ತಿದ್ದರು: "ಬನ್ನಿ, ಕೂರಿ. ಆಸರಿಂಗೆ ಎಂತ ಅಕ್ಕು?" (ಬಾಯಾರಿಕೆಗೆ ಏನಾಗಬಹುದು?) ಬಂದವರು "ಎಂತದೂ ಬೇಡ" ಎನ್ನಬೇಕು, ಅದು ಕ್ರಮ. "ಬೇಡ ಹೇಳಿರೆ ಅಕ್ಕೋ? ಎರಡು ಹಪ್ಪಳ ಹೊರಿತ್ತೆ" ಎನ್ನುವುದು ಅಜ್ಜಿಯ ಕ್ರಮ. ಅಷ್ಟರಲ್ಲಿ ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು ಹೊರಗೆ ಹೋಗಿರುತ್ತಿತ್ತು. ಬಿಸಿಲಿನಲ್ಲಿ ಗುಡ್ಡ ಹತ್ತಿ ಬಂದವರಿಗೆ ಅದಕ್ಕಿಂತ ಮಿಗಿಲಾದ ಪಾನೀಯವನ್ನು ಇಷ್ಟು ವರ್ಷಗಳಲ್ಲಿ ನಾನಂತೂ ಕಂಡಿಲ್ಲ. ಪುನರ್ಪುಳಿ ಶರಬತ್ತು ಬಂದರೆ ಅದು ಸ್ವಲ್ಪ ಮೇಲಿನ ದರ್ಜೆಯ ನೆಂಟರಿಗೆ ಅಥವಾ ಬೇಗ ಎದ್ದು ಹೋಗದವರಿಗೆ.

ಊಟಕ್ಕೆ ನಮ್ಮಲ್ಲಿ ಕಟ್ಟಳೆ ಬಹಳ. ಯಾರ ಎಲೆ ಒಳಗೆ, ಯಾರದು ಜಗಲಿಯಲ್ಲಿ, ಯಾರದು ಅಂಗಳದ ಚಪ್ಪರದಡಿ ಎನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಅನ್ನ ಮುಸುರೆ, ಮುಸುರೆ ಎಂದ ಮೇಲೆ ಮುಟ್ಟುವ ಕೈ, ತೊಳೆಯುವ ನೀರು, ಪಾತ್ರೆ ಇಡುವ ಜಾಗ ಎಲ್ಲಕ್ಕೂ ಲೆಕ್ಕ. ಆದರೆ ಎಣ್ಣೆಯಲ್ಲಿ ಕರಿದದ್ದು ಮುಸುರೆಯಲ್ಲ. ಅವಲಕ್ಕಿ ಮುಸುರೆಯಲ್ಲ, ಒಪ್ಪತ್ತಿನ ದಿನವೂ ಅದು ನಡೆಯುತ್ತದೆ. ಬಾಳೆಹಣ್ಣು, ಬೊಂಡ, ಬೆಲ್ಲದ ವಿಚಾರದಲ್ಲಿ ಕೇಳುವವರೇ ಇಲ್ಲ. ಈ ಕಿಂಡಿಯೊಳಗೆ ನುಸುಳಿ ತಿಂಡಿ ಹೊರಗೆ ಬಂತು. ಅಡಿಕೆ ಕೊಯ್ಯಲು ಬಂದವರು, ಅಡಿಕೆ ಕೊಳ್ಳಲು ಬಂದ ಬ್ಯಾರಿ ವ್ಯಾಪಾರಿ, ಗೌಡರ ಮನೆಯ ಯಜಮಾನರು, ಇಗರ್ಜಿಗೆ ಹೋಗುವ ದಾರಿಯಲ್ಲಿ ಮಳೆ ಬಂತೆಂದು ಹತ್ತಿದ ಕ್ರೈಸ್ತ ನೆರೆಮನೆಯವರು, ಎಲ್ಲರೂ ನಮ್ಮ ಜಗಲಿಯಲ್ಲಿ ಕೂತು ಒಂದೇ ಬಾಣಲೆಯ ಹಪ್ಪಳ ಮುರಿದದ್ದನ್ನು ನಾನು ನೋಡಿದ್ದೇನೆ. ಇವರೆಲ್ಲ ಒಟ್ಟಿಗೆ ಒಂದು ಊಟಕ್ಕೆ ಕೂತದ್ದನ್ನು ಆ ಕಾಲದಲ್ಲಿ ನೋಡಿಲ್ಲ.

ಇದನ್ನು ಸಮಾನತೆಯ ಕಥೆ ಮಾಡಿ ಹೇಳಲು ನಾನು ತಯಾರಿಲ್ಲ. ಹಪ್ಪಳ ಒಂದೇ ಬಾಣಲೆಯದ್ದಾದರೂ ಚಾದ ಲೋಟ ಬೇರೆ. ಕೆಲವರ ಲೋಟ ಜಗಲಿಯ ಮಾಡಿನ ಸಂದಿಯಲ್ಲಿ ಸಿಕ್ಕಿಸಿಟ್ಟಿರುತ್ತಿತ್ತು. ಅವರೇ ತೆಗೆದು, ಕುಡಿದು, ತೊಳೆದು ಅಲ್ಲೇ ಇಡಬೇಕು. ಹಾಗಿದ್ದೂ ಹೇಳುತ್ತೇನೆ: ಊರಿನ ಜನ ಒಬ್ಬರ ಮುಖ ಒಬ್ಬರು ನೋಡುತ್ತ ತಿಂದದ್ದು ಏನಾದರೂ ಇದ್ದರೆ ಅದು ಅನ್ನವಲ್ಲ, ಕುರುಕಲು.

ಹಪ್ಪಳದ ವಿಷಯಕ್ಕೆ ಬಂದರೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಹಪ್ಪಳ ಎಂದರೆ ನಮ್ಮಲ್ಲಿ ಹಲಸಿನಕಾಯಿಯದ್ದೇ. ಉದ್ದಿನದು ಪೇಟೆಯದ್ದು, ಮದುವೆ ಊಟದ್ದು. ಎಳೆ ಹಲಸು ಗುಜ್ಜೆ, ಅದು ಪಲ್ಯಕ್ಕೆ. ಬೆಳೆದು ಹಣ್ಣಾಗಲು ಇನ್ನು ಕೆಲವೇ ದಿನ ಎನ್ನುವಾಗ ಇಳಿಸಿದ ಕಾಯಿ ಹಪ್ಪಳಕ್ಕೆ. ಗಟ್ಟಿ ಸೊಳೆಯ ಬಕ್ಕೆಯೋ ಮೆತ್ತನೆಯ ತುಳುವವೋ ಎನ್ನುವುದರಲ್ಲಿ ಮನೆಮನೆಗೆ ಭೇದ. ಅಡಿಕೆ ಒಣಗಿ, ಸುಲಿದು, ಮಾರಿ ಅಂಗಳ ಖಾಲಿಯಾಗಿರುವುದೂ ಏಪ್ರಿಲಿನಲ್ಲೇ. ಬಿಸಿಲು ಕಾಯುವುದೂ ಆಗಲೇ. ಒಂದು ದಿನ ಗೊತ್ತು ಮಾಡಿ ಹೇಳಿ ಕಳಿಸಿದರೆ ಆಚೀಚೆ ಮನೆಗಳ ಹೆಂಗಸರು, ತೋಟದ ಕೆಲಸದವರು, ರಜೆಗೆ ಬಂದ ಮಕ್ಕಳು ಎಲ್ಲ ಸೇರಿ ಬೆಳಗ್ಗೆಯೇ ಜಗಲಿ ತುಂಬುತ್ತಿತ್ತು. ಕೈಗೆ, ಮೆಟ್ಟುಕತ್ತಿಗೆ ತೆಂಗಿನೆಣ್ಣೆ ಸವರಿ ಕಾಯಿ ಕೊಯ್ಯುವುದು ಗಂಡಸರ ಪಾಲು. ಸೊಳೆ ಬಿಡಿಸಿ, ಬೇಳೆ ತೆಗೆದು, ಅಟ್ಟಿನಳಗೆಯಲ್ಲಿ ಬೇಯಿಸುವುದು ಒಳಗಿನವರದು. ಬೆಂದ ಸೊಳೆಯನ್ನು ಬಿಸಿಯಿರುವಾಗಲೇ ಒರಳಿಗೆ ಹಾಕಿ ಉಪ್ಪು, ಮೆಣಸು ಸೇರಿಸಿ ಒನಕೆಯಲ್ಲಿ ಗುದ್ದಬೇಕು. ತಣಿಯಿತೋ ಹಿಟ್ಟು ಹೊಂದಿಕೊಳ್ಳುವುದಿಲ್ಲ, ಹಪ್ಪಳದ ಅಂಚು ಸೀಳುತ್ತದೆ. ಆ ಒನಕೆಯ ಪೆಟ್ಟಿಗೆ ರಟ್ಟೆಯಲ್ಲಿ ಬಲ ಬೇಕು. ನಮ್ಮ ಅಮ್ಮ, ತೋಟದ ಕೆಲಸಕ್ಕೆ ಬರುತ್ತಿದ್ದ ಅಕ್ಕ, ಇಬ್ಬರೂ ಎದುರುಬದುರು ನಿಂತು ಒಬ್ಬರ ಪೆಟ್ಟಿನ ಸಂದಿನಲ್ಲಿ ಇನ್ನೊಬ್ಬರು ಗುದ್ದುತ್ತಿದ್ದರು.

ಹಿಟ್ಟಿನ ರುಚಿ ನೋಡಲು ಹತ್ತು ಕೈ ಬರುತ್ತಿತ್ತು. "ಉಪ್ಪು ಒಂತೆ ಎಚ್ಚ ಆತ್ಂಡ್ ಅಕ್ಕೆರೇ" ಎಂದು, ಉಪ್ಪು ಸ್ವಲ್ಪ ಹೆಚ್ಚಾಗಿದೆಯೆಂದು, ಆ ಕೆಲಸದ ಅಕ್ಕ ಪ್ರತಿ ವರ್ಷ ತುಳುವಿನಲ್ಲಿ ತಕರಾರು ಎತ್ತುತ್ತಿದ್ದರು; ಒಣಗಿದ ಮೇಲೆ ಸರಿಯಾಗುತ್ತದೆ ಎಂದು ಅಮ್ಮ ಪ್ರತಿ ವರ್ಷ ಉತ್ತರ ಕೊಡುತ್ತಿದ್ದರು. ಒಣಗಿದರೆ ನೀರು ಹೋಗುತ್ತದೆಯೇ ಹೊರತು ಉಪ್ಪು ಹೋಗುವುದಿಲ್ಲ ಎಂಬ ವಿಜ್ಞಾನವನ್ನು ಅಲ್ಲಿ ಯಾರೂ ಮಾತಾಡಿದವರಲ್ಲ. ನಮಗೆ ಮಕ್ಕಳಿಗೆ ಹಿಟ್ಟೇ ಒಂದು ತಿಂಡಿ. ಬಿಸಿ ಹಿಟ್ಟಿನ ಮುದ್ದೆಗೆ ಗುಳಿ ಮಾಡಿ ತೆಂಗಿನೆಣ್ಣೆ ಬಿಟ್ಟು, ಕಾಯಿತುರಿಯ ಜತೆ ತಿಂದವರಿಗೆ ಆ ದಿನ ಮಧ್ಯಾಹ್ನದ ಊಟ ಬೇಡ.

ಮುಂದೆ ಉಂಡೆ ಕಟ್ಟುವವರು ಒಂದು ಸಾಲು, ಒತ್ತುವವರು ಒಂದು ಸಾಲು. ಬಾಳೆಲೆ ತುಂಡಿಗೆ ಎಣ್ಣೆ ಸವರಿ, ನಡುವೆ ಉಂಡೆ ಇಟ್ಟು ಮಣೆಯಿಂದ ಒತ್ತುವುದು. ಮುಂದೆ ಬಾಳೆಲೆಯ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಬಂತು, ಮಣೆಗೆ ಕೀಲು ಬಂತು. ಹೆಣೆದ ಮಡಲಿನ ಮೇಲೆ ಚಾಪೆ ಹಾಸಿ ಹಪ್ಪಳ ಹರಡಿದರೆ, ಕಾಗೆ ಓಡಿಸುವ ಕೆಲಸ ನಮ್ಮದು. ಕಾಗೆಗೆ ನಮ್ಮ ಹೆದರಿಕೆ ಇರಲಿಲ್ಲ. ಅಜ್ಜನ ಹಳೆಯ ಕರಿ ಕೊಡೆಯನ್ನು ಬಿಡಿಸಿ ಅಂಗಳದ ನಡುವೆ ಇಟ್ಟರೆ ಅದಕ್ಕೆ ಹೆದರುತ್ತಿತ್ತು. ಮೂರು ಬಿಸಿಲು ಸರಿಯಾಗಿ ಬಿದ್ದರೆ ಹಪ್ಪಳ ಗೆದ್ದಂತೆ. ಮೇ ತಿಂಗಳ ಸಂಜೆಗಳಲ್ಲಿ ಮೂಡಣದ ಘಟ್ಟದ ಮೇಲೆ ಗುಡುಗು ಕೇಳಿದರೆ ಮನೆಯಲ್ಲಿದ್ದವರೆಲ್ಲ ಅಂಗಳಕ್ಕೆ ಓಡಬೇಕು. ಮಲಗಿದ್ದ ಅಜ್ಜನಿಗೂ ವಿನಾಯಿತಿ ಇಲ್ಲ.

ಹೀಗೆ ಒಣಗಿದ್ದು ಡಬ್ಬಿ ತುಂಬಿ ಒಲೆಯ ಮೇಲಿನ ಹೊಗೆ ಅಟ್ಟಕ್ಕೆ ಹೋಗುತ್ತಿತ್ತು. ಅದು ಕೆಳಗಿಳಿಯುವುದು ಆಟಿ ತಿಂಗಳ ಮಳೆಗೆ. ತೆಂಗಿನೆಣ್ಣೆಯಲ್ಲಿ ಬಿದ್ದ ಕೂಡಲೇ ಅಂಗೈಯಗಲದ್ದು ಎರಡರಷ್ಟು ಅರಳುತ್ತದೆ, ಕಣ್ಣುಮುಚ್ಚಿ ತೆರೆಯುವುದರೊಳಗೆ ತೆಗೆಯಬೇಕು. ಕೆಂಪಾಯಿತೋ ಕಹಿ. ಜತೆಗೆ ಹಸಿ ತೆಂಗಿನಕಾಯಿಯ ಹೋಳು, ಬೆಲ್ಲ ಹಾಕಿದ ಚಾ. ಹಪ್ಪಳದ ಖಾರಕ್ಕೆ ಕಾಯಿಹೋಳಿನ ಸಿಹಿ ಸೇರಿದರೆ ಮಾತ್ರ ಅದು ಪೂರ್ತಿ ಎನ್ನುವುದು ನಮ್ಮವರ ನಂಬಿಕೆ. ಕೆಂಡದಲ್ಲಿ ಸುಟ್ಟ ಹಪ್ಪಳವೂ ಉಂಟು. ಹಲ್ಲಿಲ್ಲದ ಹಿರಿಯರು ಅದನ್ನು ಬಾಯಿಯಲ್ಲಿ ಇಟ್ಟುಕೊಂಡು ಗಂಟೆಗಟ್ಟಲೆ ವ್ಯವಹಾರ ಮಾತಾಡುತ್ತಿದ್ದರು.

ಹಪ್ಪಳದ ಸೊಳೆಯಿಂದ ತೆಗೆದಿಟ್ಟ ಬೇಳೆಯೂ ಹಾಳಾಗುತ್ತಿರಲಿಲ್ಲ. ಉಪ್ಪು ನೀರಿನಲ್ಲಿ ಬೇಯಿಸಿ ಕಲ್ಲಿನಷ್ಟು ಗಟ್ಟಿಯಾಗುವವರೆಗೆ ಒಣಗಿಸಿದರೆ ಸಾಂತಾಣಿ. ಶಾಲೆಗೆ ಹೋಗುವಾಗ ಜೇಬಿನಲ್ಲಿ ಎರಡು ಇದ್ದರೆ ದಾರಿ ಸವೆಯುತ್ತಿತ್ತು, ಹಲ್ಲೂ ಸ್ವಲ್ಪ ಸವೆಯುತ್ತಿತ್ತು.

ಸೋಂಟೆಯ ದರ್ಜೆ ಬೇರೆ. ಬಕ್ಕೆ ಹಲಸಿನ ಸೊಳೆಯನ್ನು ಉದ್ದುದ್ದಕ್ಕೆ ಸೀಳಿ ತೆಂಗಿನೆಣ್ಣೆಯಲ್ಲಿ ಕರಿಯುವುದು. ಈಗ ಇದನ್ನೇ ಹಲಸಿನ ಚಿಪ್ಸ್ ಎಂದು ಪೊಟ್ಟಣದಲ್ಲಿ ಮಾರುತ್ತಾರೆ. ಇದರ ಗುಟ್ಟು ಉಪ್ಪಿನಲ್ಲಿದೆ. ಉಪ್ಪನ್ನು ಮೊದಲೇ ಹಚ್ಚಿದರೆ ಸೊಳೆ ನೀರು ಬಿಟ್ಟು ಮೆತ್ತಗಾಗುತ್ತದೆ, ಆಮೇಲೆ ಉದುರಿಸಿದರೆ ಅಂಟುವುದಿಲ್ಲ. ಸೊಳೆ ಮುಕ್ಕಾಲು ಬೆಂದು ಬಾಣಲೆಯ ಸದ್ದು ತಗ್ಗುತ್ತ ಬರುವಾಗ ಗಟ್ಟಿ ಉಪ್ಪುನೀರನ್ನು ಒಂದು ಚಮಚ ಕುದಿಯುವ ಎಣ್ಣೆಗೇ ಚಿಮುಕಿಸಬೇಕು. ಒಮ್ಮೆಗೇ ಎಣ್ಣೆ ಭುಸ್ಸೆಂದು ಮೇಲೇಳುತ್ತದೆ. ಹೊಸಬರು ಸೌಟು ಬಿಟ್ಟು ಹಿಂದಕ್ಕೆ ಹಾರುತ್ತಾರೆ. ನೀರು ಆವಿಯಾಗಿ ಹೋಗಿ ಉಪ್ಪು ಸೊಳೆಗೆ ಹಿಡಿದಾಗ ಸದ್ದು ಬದಲಾಗುತ್ತದೆ. ಸೌಟಿನಿಂದ ಆಡಿಸಿದರೆ ಒಣ ಎಲೆಯ ಹಾಗೆ ಸರಬರ ಎನ್ನುತ್ತದೆ. ಪುತ್ತೂರಿನ ಅತ್ತೆ ಸೋಂಟೆ ಕರಿಯುವಾಗ ಬಾಣಲೆ ನೋಡುತ್ತಲೇ ಇರಲಿಲ್ಲ. ಬಾಗಿಲ ಕಡೆ ಮುಖ ಮಾಡಿ ನೆಂಟರ ಹತ್ತಿರ ಮಾತಾಡುತ್ತ, ಕಿವಿಯಲ್ಲೇ ಕರಿದು ಮುಗಿಸುತ್ತಿದ್ದರು.

ತಾಳಮದ್ದಳೆ ಇದ್ದ ರಾತ್ರಿಗಳಲ್ಲಿ ಮಾತ್ರ ಡಬ್ಬಿಯ ತಿಂಡಿ ಸಾಲುತ್ತಿರಲಿಲ್ಲ. ಸುಳ್ಯದ ಕಡೆಯಲ್ಲಿ ತಾಳಮದ್ದಳೆಯ ಹುಚ್ಚು ಎಷ್ಟೆಂದು ಹೊರಗಿನವರಿಗೆ ಹೇಳುವುದು ಕಷ್ಟ. ಚೊಕ್ಕಾಡಿಯ ದೇರಾಜೆ ಸೀತಾರಾಮಯ್ಯನವರಂಥ ಅರ್ಥಧಾರಿಗಳು ಬಾಳಿದ ಸೀಮೆ ಇದು. ವೇಷವಿಲ್ಲ, ರಂಗಸ್ಥಳವಿಲ್ಲ, ಜಗಲಿಯಲ್ಲಿ ಭಾಗವತರು, ಚೆಂಡೆ ಮದ್ದಳೆ, ಎದುರುಬದುರು ಅರ್ಥಧಾರಿಗಳು. ಕೃಷ್ಣನೂ ಕರ್ಣನೂ ಮಾತಿಗೆ ಮಾತು ಬೆಳೆಸಿದರೆ ಬೆಳಗಾಗುವುದೇ. ಕೇಳಲು ಕೂತವರಿಗೆ ನಿದ್ದೆ ಬರಬಾರದು, ಹೊಟ್ಟೆ ಭಾರವಾಗಲೂಬಾರದು. ಅದಕ್ಕೆ ಉಂಡ್ಲಕಾಳು.

ಬೇಸಗೆಯಲ್ಲಿ ಭರಣಿಗೆ ಹಾಕಿಟ್ಟ ಉಪ್ಪುಸೊಳೆಯನ್ನು ಮಳೆಗಾಲದಲ್ಲಿ ತೆಗೆದು, ನೀರಿನಲ್ಲಿ ನೆನೆಸಿ ಉಪ್ಪು ಬಿಡಿಸಿ, ಹಿಂಡಿ, ಕಾಯಿತುರಿಯ ಜತೆ ಗಟ್ಟಿಯಾಗಿ ರುಬ್ಬಿ ಅಕ್ಕಿಹಿಟ್ಟು ಸೇರಿಸಬೇಕು. ಆಮೇಲೆ ಗೋಲಿಗಿಂತ ಸಣ್ಣ ಉಂಡೆಗಳು. ಒಬ್ಬರು ಮಾಡಿ ಮುಗಿಯುವ ಕೆಲಸವಲ್ಲ. ಮಧ್ಯಾಹ್ನದಿಂದಲೇ ಚಾವಡಿಯಲ್ಲಿ ಒಂದು ದೊಡ್ಡ ಹರಿವಾಣದ ಸುತ್ತ ಕೂತು, ಬಂದವರೆಲ್ಲ ಕೈ ತೊಳೆದುಕೊಂಡು ಉಂಡೆ ಉರುಟಿಸಲು ಸೇರಬೇಕು. ಸಂಜೆ ವಾಲಿಯ ಅರ್ಥ ಹೇಳಬೇಕಾದವರೂ ಒಮ್ಮೆ ಕೂತು ಉರುಟಿಸಿದ್ದುಂಟು. ಬಿಗಿಯಾಗಿ ಉರುಟಿಸಿದರೆ ಎಣ್ಣೆಯಲ್ಲಿ ಸಿಡಿಯುತ್ತದೆ, ಸಡಿಲವಾದರೆ ಪುಡಿಯಾಗುತ್ತದೆ. ಸಿಡಿದ ಉಂಡೆ ಮಾಡಿನವರೆಗೂ ಹಾರುವುದನ್ನು ಕಂಡವರು ಅದನ್ನು ತಮಾಷೆ ಎನ್ನುವುದಿಲ್ಲ. ಅಮ್ಮ ಉದ್ದ ಹಿಡಿಯ ಸೌಟು ಹಿಡಿದು ಒಲೆಯಿಂದ ಎರಡು ಹೆಜ್ಜೆ ದೂರವೇ ನಿಲ್ಲುತ್ತಿದ್ದರು. ಸಣ್ಣ ಉರಿಯಲ್ಲಿ ಬಹಳ ಹೊತ್ತು ಕರಿಯಬೇಕು. ಅವಸರ ಮಾಡಿದರೆ ಹೊರಗೆ ಕೆಂಪು, ಒಳಗೆ ಹಿಟ್ಟು. ಸರಿಯಾಗಿ ಬಂದ ಉಂಡ್ಲಕಾಳು ಕಡಲೆಬೀಜದ ಹಾಗೆ ಕೈಯಿಂದ ಕೈಗೆ ದಾಟುತ್ತದೆ. ರಾತ್ರಿ ಎರಡು ಗಂಟೆಗೆ ಚೆಂಡೆ ನಿಂತು ಕೌರವ ಮಾತಿಗೆ ತೊಡಗಿದಾಗ ಜಗಲಿಯ ಕೊನೆಯಿಂದ ಕೇಳುವುದು ಅದನ್ನು ಕಡಿಯುವ ಸದ್ದು. ಅರ್ಥಧಾರಿಯೊಬ್ಬರು, ಸಭೆ ತನ್ನ ಮಾತಿಗೆ ತಲೆದೂಗುತ್ತಿದೆಯೋ ಉಂಡ್ಲಕಾಳಿಗೋ ಎಂದು ಪಾತ್ರದಲ್ಲಿ ಇದ್ದುಕೊಂಡೇ ಕೇಳಿ ನಗಿಸಿದ್ದರು.

ಬೆಳಗಿನ ಜಾವಕ್ಕೆ ಮಂಗಳ ಹಾಡಿದ ಮೇಲೆ ಸಜ್ಜಿಗೆ-ಅವಲಕ್ಕಿ. ಇದು ನಮ್ಮ ಜಿಲ್ಲೆಯ ಸಭೆ ಸಮಾರಂಭಗಳ ಸಾಮಾನ್ಯ ತಿಂಡಿ. ಪೂಜೆ, ಗೃಹಪ್ರವೇಶ, ಭಜನೆ, ಯುವಕ ಮಂಡಲದ ಕ್ರೀಡಾಕೂಟ ಯಾವುದೇ ಇರಲಿ, ಬೆಳಗ್ಗೆ ಇದೇ. ಸಜ್ಜಿಗೆಯ ಬಗ್ಗೆ ನನ್ನಲ್ಲಿ ಹೇಳುವುದಕ್ಕೆ ಹೆಚ್ಚಿಲ್ಲ, ಅದು ಉಪ್ಪಿಟ್ಟು. ಅವಲಕ್ಕಿಯದು ಮಾತ್ರ ಕೈಯ ಕೆಲಸ. ಕಾಯಿತುರಿ, ಬೆಲ್ಲ, ಉಪ್ಪು, ಹುರಿದು ಪುಡಿ ಮಾಡಿದ ಕೊತ್ತಂಬರಿ-ಜೀರಿಗೆ-ಮೆಣಸು ಇಷ್ಟನ್ನೂ ಮೊದಲು ಕೈಯಲ್ಲಿ ಹಿಸುಕಿ ಹಿಸುಕಿ ಕಲಸಬೇಕು. ಬೆಲ್ಲ ಕರಗಿ ಕಾಯಿಯ ಹಾಲು ಬಿಟ್ಟು ಒದ್ದೆಯಾದ ಮೇಲೆ ತೆಳು ಅವಲಕ್ಕಿ ಹಾಕಿ ಹಗುರವಾಗಿ ಸೇರಿಸಿ, ಮೇಲೆ ತೆಂಗಿನೆಣ್ಣೆಯ ಸಾಸಿವೆ ಒಗ್ಗರಣೆ. ಅವಲಕ್ಕಿಗೆ ನೀರು ಮುಟ್ಟಿಸುವಂತಿಲ್ಲ. ಕಾಯಿಯ ಪಸೆಯಲ್ಲೇ ಅದು ಮೆತ್ತಗಾಗಬೇಕು, ಆದರೂ ನಡುನಡುವೆ ಗರಿ ಉಳಿದಿರಬೇಕು. ಕಲಸಿ ಅರ್ಧ ಗಂಟೆ ಬಿಟ್ಟರೆ ಬೇರೆಯೇ ತಿಂಡಿ. ದೊಡ್ಡ ಸಭಾಭವನಗಳಲ್ಲಿ ಮುಂಚಿತವಾಗಿ ಕಲಸಿ ಗುಡ್ಡೆ ಹಾಕಿಡುವ ಅವಲಕ್ಕಿಯನ್ನು ನಾನು ತಿನ್ನುವುದಿಲ್ಲ; ಯಾರಾದರೂ ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ.

ತಿಂಡಿ ನಮ್ಮ ಜಗಲಿಯಿಂದ ಹೊರಗೆ ಹೋದಂತೆ ಹೊರಗಿನದು ಒಳಗೆ ಬಂದದ್ದೂ ಇದೆ. ಡಿಸೆಂಬರಿನ ಕೊನೆಗೆ ಕೊಂಕಣಿ ಕ್ರೈಸ್ತರ ಮನೆಗಳಿಂದ ಕುಸ್ವಾರಿನ ತಟ್ಟೆ ಬರುತ್ತಿತ್ತು: ನೆವ್ರಿ, ಕಿಡಿಯೊ, ಗುಲಾಬಿ ಹೂವಿನ ಅಚ್ಚಿನ ಕುಕ್ಕಿಸ್, ಚಕ್ಕುಲಿ, ತುಕ್ಕುಡಿ. ತುಕ್ಕುಡಿ, ಚಕ್ಕುಲಿಯ ಬಗ್ಗೆ ಅಜ್ಜಿಗೆ ಚಿಂತೆಯಿರಲಿಲ್ಲ. ಕೇಕಿನ ತುಂಡಿನಲ್ಲಿ ಮೊಟ್ಟೆ ಇದೆ ಎಂದು ಅದನ್ನು ಮಾತ್ರ ಬೇರೆ ಮಾಡಿ ಕಿಟಕಿಯ ದಳಿಯ ಮೇಲೆ ಇಡುತ್ತಿದ್ದರು. ಅದು ಎಲ್ಲಿಗೆ ಹೋಗುತ್ತದೆ ಎಂದು ಅಜ್ಜಿ ಕೇಳಿದವರಲ್ಲ, ನಾವು ಹೇಳಿದವರಲ್ಲ. ಖಾ‌ಲಿ ತಟ್ಟೆ ಹಿಂದೆ ಕಳಿಸುವಂತಿಲ್ಲ ಎನ್ನುವುದು ಎಲ್ಲ ಮನೆಗಳ ನಿಯಮ. ಅದರಲ್ಲಿ ಹಪ್ಪಳವೋ ಮಾವಿನ ರಸ ಒಣಗಿಸಿದ ಮಾಂಬಳವೋ ತುಂಬಿ ಹೋಗುತ್ತಿತ್ತು.

ಕಡಬದ ಚಿಕ್ಕಮ್ಮನ ಮನೆಯ ಆಚೀಚೆ ಕೇರಳದಿಂದ ಬಂದು ನೆಲೆಸಿದ ಕ್ರೈಸ್ತ ಕುಟುಂಬಗಳು ಬಹಳ. ಕಡಬ, ನೆಲ್ಯಾಡಿ, ಶಿರಾಡಿಯ ಗುಡ್ಡಗಳಲ್ಲಿ ರಬ್ಬರು, ಮರಗೆಣಸು ಬೆಳೆದವರು ಅವರು. ಮರಗೆಣಸನ್ನು ಬೇಯಿಸಿ ಗಾಂಧಾರಿ ಮೆಣಸಿನ ಚಟ್ನಿಯ ಜತೆ ತಿನ್ನುವುದನ್ನು ಚಿಕ್ಕಮ್ಮ ಕಲಿತದ್ದು ಅಲ್ಲಿಂದ. ಹಬ್ಬಕ್ಕೆ ಅವರು ಕಳಿಸುತ್ತಿದ್ದ ಅಚ್ಚಪ್ಪ ನೋಡಿದರೆ ನಮ್ಮೂರಿನ ಕುಕ್ಕಿಸ್ಸಿನ ಅಚ್ಚೇ. ಘಟ್ಟದ ಬುಡದಲ್ಲಿ ಕೊಂಕಣಿಯೂ ಮಲಯಾಳವೂ ಅದನ್ನು ಒಂದೇ ಎಣ್ಣೆಯಲ್ಲಿ ಅದ್ದುತ್ತಿದ್ದವು.

ಇನ್ನೊಂದು ಕೂಟ ಬಂದದ್ದು ಸಮುದ್ರದ ಆಚೆಯಿಂದ. 1964ರ ಸಿರಿಮಾವೊ-ಶಾಸ್ತ್ರಿ ಒಪ್ಪಂದದ ಮೇಲೆ ಶ್ರೀಲಂಕಾದ ಚಾ ತೋಟಗಳಿಂದ ಮರಳಿದ ತಮಿಳು ಕುಟುಂಬಗಳಿಗೆ ನಮ್ಮ ಸುಳ್ಯ, ಪುತ್ತೂರು ಕಡೆಯ ಸರಕಾರಿ ರಬ್ಬರ್ ತೋಟಗಳಲ್ಲಿ ಕೆಲಸ, ವಸತಿ ಕೊಟ್ಟರು. ನನ್ನ ಶಾಲೆಯ ಗೆಳತಿಯೊಬ್ಬಳು ಅಂಥ ಲೈನ್ ಮನೆಯಿಂದ ಬರುತ್ತಿದ್ದಳು. ಅವಳ ಅಮ್ಮ ಮಾಡುತ್ತಿದ್ದ ಪರುಪ್ಪು ವಡೆ ನಮ್ಮ ಚಟ್ಟಂಬಡೆಯದ್ದೇ ಜಾತಿ, ಆದರೆ ತೆಳು, ಅಂಚು ಗರಿಗರಿ, ಸೋಂಪಿನ ಪರಿಮಳ. ಅವರ ಚಾದ ಮುಂದೆ ನಮ್ಮದು ಬಣ್ಣದ ನೀರು. ಚಾ ಎಲೆ ಕಿತ್ತು ಬದುಕಿದವರಿಗೆ ಚಾ ಮಾಡಲು ಯಾರು ಕಲಿಸಬೇಕು? ಅವರ ಮನೆಯಲ್ಲಿ ನಾನು ವಡೆ ತಿಂದೆ ಎಂದು ಗೊತ್ತಾದಾಗ ಅಜ್ಜಿ ಒಂದು ಕ್ಷಣ ಸುಮ್ಮನಿದ್ದು, "ಎಣ್ಣೆಲಿ ಹೊರುದ್ದಲ್ಲದೋ?" ಎಂದರು. ಹೌದು ಎಂದೆ. "ಹಾಂಗಾರೆ ತೊಂದರೆ ಇಲ್ಲೆ." ಚಾ ಕುಡಿದದ್ದನ್ನು ನಾನೂ ಹೇಳಲಿಲ್ಲ.

ಗೌಡರ ಮನೆಗಳಲ್ಲಿ ಇದೇ ಕಟ್ಟಳೆ ತಿರುವುಮುರುವು. ಅವರ ಮನೆಯ ಜಂಬಾರಕ್ಕೆ ಹೋದರೆ ಕೋಳಿಯ ಊಟ ನಮಗೆ ನಡೆಯದು ಎಂದು ಅವರಿಗೇ ಮುಜುಗರ. ಹಾಗಾಗಿ ನಮ್ಮ ಅಪ್ಪನಿಗೆಂದೇ ಜಗಲಿಯಲ್ಲಿ ಬೊಂಡ, ಕದಳಿ ಬಾಳೆಹಣ್ಣು, ಹಪ್ಪಳ ಸಿದ್ಧವಿರುತ್ತಿತ್ತು. ಆ ಹಪ್ಪಳ ನಮ್ಮ ಮನೆಯದಕ್ಕಿಂತ ಚೆನ್ನಾಗಿರುತ್ತಿತ್ತು ಎಂದು ಅಪ್ಪ ದಾರಿಯಲ್ಲಿ ಹೇಳುತ್ತಿದ್ದರು, ಮನೆಯಲ್ಲಿ ಹೇಳುತ್ತಿರಲಿಲ್ಲ.

ಪುತ್ತೂರು ಪೇಟೆಗೆ ನಾನು ಕಾಲೇಜಿಗೆ ಬಂದ ಮೇಲೆ ಕೂಟದ ತಿಂಡಿಯೇ ಬದಲಾಯಿತು. ಏಪ್ರಿಲಿನಲ್ಲಿ ಮಹಾಲಿಂಗೇಶ್ವರ ದೇವರ ಜಾತ್ರೆ, ಅದೇ ದೇವಸ್ಥಾನದ ಎದುರಿನ ಗದ್ದೆಯಲ್ಲಿ ಕಂಬಳ. ಎರಡಕ್ಕೂ ಚರುಮುರಿ ಬೇಕು. ಮಂಡಕ್ಕಿಗೆ ನೀರುಳ್ಳಿ, ಟೊಮೆಟೊ, ಮಾವಿನಕಾಯಿ, ಮೆಣಸಿನ ಪುಡಿ, ಉಪ್ಪು. ಎಲ್ಲಕ್ಕಿಂತ ಮುಖ್ಯವಾಗಿ ಹಸಿ ತೆಂಗಿನೆಣ್ಣೆ ಎರಡು ಚಮಚ. ಕಾಗದದ ಪೊಟ್ಟಣದಲ್ಲಿ ಕೊಟ್ಟ ಮೇಲೆ ಅದನ್ನು ಅಲ್ಲೇ ನಿಂತು ತಿನ್ನಬೇಕು. ಚರುಮುರಿಯನ್ನು ಮನೆಗೆ ಕಟ್ಟಿಸಿಕೊಂಡು ಹೋಗುವವರನ್ನು ಕಂಡರೆ ನನಗೆ ಈಗಲೂ ಪಾಪ ಅನ್ನಿಸುತ್ತದೆ. ಹಾಸ್ಟೆಲ್ ಕೋಣೆಯಲ್ಲಿ ನಾವು ಗೆಳತಿಯರು ಬಕೆಟಿನ ಮುಚ್ಚಳದಲ್ಲೇ ಅದನ್ನು ಕಲಸಿ ಹುಟ್ಟುಹಬ್ಬ ಮಾಡುತ್ತಿದ್ದೆವು. ಯಾರ ಕೈ ಯಾವ ಜಾತಿಯದು ಎಂದು ನೋಡಲು ಅಲ್ಲಿ ಯಾವ ಅಜ್ಜಿಯೂ ಇರಲಿಲ್ಲ.

ಅಡಿಕೆ ತೋಟದ ನಡುವೆ ಕೊಕ್ಕೊ ಬಂದದ್ದು, ಅದರ ಬೆಲೆ ಬಿದ್ದಾಗ ಬೆಳೆಗಾರರ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೊ ಕೊಳ್ಳಲು ನಿಂತದ್ದು, 1986ರಲ್ಲಿ ಪುತ್ತೂರಿನಲ್ಲೇ ಚಾಕೊಲೇಟ್ ಕಾರ್ಖಾನೆ ತೆರೆದದ್ದು ಎಲ್ಲ ನಮ್ಮ ತಿಂಡಿ ತಟ್ಟೆಯಲ್ಲೂ ಕಂಡಿತು. ಅಲ್ಲಿಯವರೆಗೆ ಕೊಕ್ಕೊ ಎಂದರೆ ಮಕ್ಕಳು ಕಾಯಿ ಒಡೆದು ಬೀಜದ ಮೇಲಿನ ಬಿಳಿ ತಿರುಳು ಚೀಪಿ ಉಗುಳುವ ಹಣ್ಣು. ಆಮೇಲೆ ನೆಂಟರ ಮುಂದೆ ಹಪ್ಪಳದ ಬದಿಯಲ್ಲೇ ಕ್ಯಾಂಪ್ಕೊ ಬಾರ್ ಮುರಿದು ಇಡತೊಡಗಿದರು. "ನಮ್ಮ ತೋಟದ್ದೇ" ಎಂದು ಅಪ್ಪ ಹೇಳುತ್ತಿದ್ದುದರಲ್ಲಿ ಸತ್ಯ ಎಷ್ಟು ಪಾಲೋ, ಹೆಮ್ಮೆಗೆ ಕೊರತೆಯಿರಲಿಲ್ಲ. ಅದೇ 1986ರಲ್ಲಿ ಗೇರು ಸಂಶೋಧನೆಯ ರಾಷ್ಟ್ರೀಯ ಕೇಂದ್ರವೂ ಪುತ್ತೂರಿಗೆ ಬಂತು. ಕೆಂಡದಲ್ಲಿ ಗೇರುಬೀಜ ಸುಟ್ಟು, ಬಾಯಿ ಕೈ ಮಸಿ ಮಾಡಿಕೊಂಡು ತಿನ್ನುವ ನಮ್ಮ ಸಂಶೋಧನೆ ಅದಕ್ಕಿಂತ ಹಳೆಯದು.

ಹಲಸು ಮಾತ್ರ ಬಹಳ ಕಾಲ ಮಾರುಕಟ್ಟೆಗೆ ಹೋಗಲಿಲ್ಲ. ಮನೆಮನೆಗೆ ಮರ ಇರುವಾಗ ಕೊಳ್ಳುವವರು ಯಾರು? ತಿಂದು ಉಳಿದದ್ದು ಗುಡ್ಡದಲ್ಲಿ ಬಿದ್ದು ಕೊಳೆಯುತ್ತಿತ್ತು. ಅದನ್ನು ಬದಲಾಯಿಸುವುದರಲ್ಲಿ ಪುತ್ತೂರಿನಿಂದ 1988ರಲ್ಲಿ ಹೊರಟ 'ಅಡಿಕೆ ಪತ್ರಿಕೆ'ಗೂ ಅದರ ಸಂಪಾದಕ ಶ್ರೀಪಡ್ರೆಯವರಿಗೂ ದೊಡ್ಡ ಪಾಲಿದೆ. ಕೃಷಿಕರಿಂದಲೇ ಬರೆಸುವ ಆ ಪತ್ರಿಕೆ ಹಲಸಿನ ಹಿಂದೆ ಬಿದ್ದು ವರ್ಷಗಟ್ಟಲೆ ಬರೆಯಿತು. ಹಲಸು ಮೇಳಗಳು ನಡೆದವು. ನಾವು ಹೊಗೆ ಅಟ್ಟದಲ್ಲಿ ಇಟ್ಟುಕೊಂಡಿದ್ದ ಹಪ್ಪಳ, ಸೋಂಟೆ, ಉಂಡ್ಲಕಾಳು ಮೇಳದ ಮಳಿಗೆಗಳಲ್ಲಿ ಲೇಬಲ್ ಹಚ್ಚಿಕೊಂಡು ಕೂತವು. ಬೆಂಗಳೂರಿನಿಂದ ಕಾರು ಮಾಡಿಕೊಂಡು ಬಂದವರು ಸರದಿಯಲ್ಲಿ ನಿಂತು ಉಂಡ್ಲಕಾಳು ಕೊಂಡದ್ದನ್ನು ನೋಡಿದಾಗ, ಉರುಟಿಸಲು ಕೂರಿಸಿದರೆ ಓಡಿಹೋಗುತ್ತಿದ್ದ ನನ್ನ ಅಣ್ಣಂದಿರ ನೆನಪಾಗಿ ನಗು ಬಂತು.

ಈಗಿನ ಕೂಟಗಳನ್ನು ಬಯ್ಯುವ ಮನಸ್ಸು ನನಗಿಲ್ಲ. ಗೃಹಪ್ರವೇಶಕ್ಕೆ ಕೇಟರಿಂಗಿನವರು ಬಂದು "ಸ್ಟಾರ್ಟರ್ ಎಷ್ಟು ಬಗೆ ಬೇಕು?" ಎಂದು ಕೇಳುತ್ತಾರೆ. ಗೋಬಿ ಮಂಚೂರಿ ನನಗೂ ಇಷ್ಟ. ಅಂಗಳದ ಶಾಮಿಯಾನದಡಿ ಪ್ಲೇಟು ಹಿಡಿದು ನಿಂತವರಲ್ಲಿ ಯಾರ ಲೋಟ ಯಾವುದು ಎಂದು ಈಗ ಯಾರಿಗೂ ಗೊತ್ತಾಗುವುದಿಲ್ಲ. ಅದು ಸಣ್ಣ ಸಂಗತಿಯಲ್ಲ. ತಕರಾರು ಇರುವುದು ಒಂದೇ. ಸ್ಟಾರ್ಟರು ಊಟಕ್ಕೆ ಹಾದಿ ಮಾಡಿಕೊಡುವ ತಿಂಡಿ. ಅದು ಬಂದ ಮೇಲೆ ಜನ ಊಟದ ಕಡೆಗೆ ನೋಡುತ್ತಾರೆ, ಉಂಡು ಹೊರಡುತ್ತಾರೆ. ಹಪ್ಪಳಕ್ಕೆ ಊಟದ ಹಂಗಿರಲಿಲ್ಲ. ಅದನ್ನು ಕರಿಯುತ್ತಿದ್ದುದು ಜನ ಏಳಬಾರದು ಎಂದು.

ಮನೆಯಲ್ಲಿ ಹಪ್ಪಳ ಹಾಕುವುದು ನಿಂತು ಕಾಲವಾಯಿತು. ಕಾಯಿ ಇಳಿಸಲು ಜನವಿಲ್ಲ, ಒನಕೆ ಹಿಡಿಯಲು ರಟ್ಟೆಯಿಲ್ಲ. ಅಮ್ಮನ ಎದುರು ನಿಂತು ಹಿಟ್ಟು ಗುದ್ದುತ್ತಿದ್ದ ಆ ಅಕ್ಕನ ಮಗಳು ಈಗ ತನ್ನ ಮನೆಯಲ್ಲೇ ಗ್ರೈಂಡರು, ಒತ್ತುವ ಮಣೆ, ಪ್ಲಾಸ್ಟಿಕ್ ಹೊದೆಸಿದ ಸೋಲಾರ್ ಗೂಡು ಇಟ್ಟುಕೊಂಡು ಹಪ್ಪಳ ಮಾಡಿ ಮಾರುತ್ತಾಳೆ. ಕಾಗೆಯ ಕಾಟವಿಲ್ಲ, ಗುಡುಗಿನ ಹೆದರಿಕೆಯಿಲ್ಲ. ಊರಿಗೆ ಹೋದಾಗಲೆಲ್ಲ ನಾನು ಕೊಳ್ಳುವುದು ಅಲ್ಲಿಂದಲೇ. ಕಳೆದ ಮಳೆಗಾಲದಲ್ಲಿ ಹೋದಾಗ ಒಳಗೆ ಕರೆದು ಕುರ್ಚಿ ಹಾಕಿ, ಚಾ ಕೊಟ್ಟು, ಎರಡು ಹಪ್ಪಳ ಕರಿದು ಎದುರಿಗಿಟ್ಟಳು. ತೆಳುವಾಗಿತ್ತು, ಖಾರ ಹದವಾಗಿತ್ತು. ನಮ್ಮ ಅಮ್ಮ ಮಾಡುತ್ತಿದ್ದುದಕ್ಕಿಂತ ಚೆನ್ನಾಗಿದೆ ಎಂದೆ. ಅವಳು ನಗಲೂ ಇಲ್ಲ, ಸಂಕೋಚಪಡಲೂ ಇಲ್ಲ. ನಿಮ್ಮ ಮನೆಯದಕ್ಕೆ ಉಪ್ಪು ಜಾಸ್ತಿ ಎಂದು ನಮ್ಮ ಅಮ್ಮ ಸಾಯುವವರೆಗೂ ಹೇಳುತ್ತಿದ್ದರು ಎಂದಳು. ಹಾಗಾದರೆ ನೂರು ಹಪ್ಪಳ ಕಟ್ಟು ಎಂದೆ. "ಈ ವರ್ಷದ್ದು ಮುಗಿದಿದೆ ಅಕ್ಕ. ಇದು ಮನೆಗೆ ಇಟ್ಟದ್ದು. ಬರುವ ಏಪ್ರಿಲಿಗೆ ಬೇಕಾದರೆ ಈಗಲೇ ಹೆಸರು ಬರೆಸಿ ಹೋಗಿ."